ಎರಡು ಕಿವಿ, ಆರು ಕೈ

ನಾರಿನ್ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಅಡುಗೆ ಮಾಡುವ ಬುರುಲ್ಚಾ ಗಂಡನಿಲ್ಲದೆ ಆರು ಮಕ್ಕಳನ್ನು ಸಾಕುತ್ತಿದ್ದವಳು. ಯಾರ ಮುಲಾಜೂ ಇಟ್ಟುಕೊಂಡವಳಲ್ಲ. ಸಂಸತ್ತಿನ ಸದಸ್ಯ ಎಸೆನ್‌ಗುಲ್, ಸರ್ಕಾರದ ಮಕ್ಕಳ ಭತ್ಯೆ ಇನ್ನು ಮನೆಗೆ ಇಬ್ಬರಿಗೆ ಸಾಕು ಎಂದು ವಾದಿಸುತ್ತಿದ್ದ. ಮೂರನೆಯ ಮಗುವಿಗೆ ಹೊಟ್ಟೆಯೇ ಇಲ್ಲವೇನೋ! ಅವನು ಊರಿಗೆ ಬರುತ್ತಾನೆಂದು ತಿಳಿದದ್ದೇ, "ಔತಣ ನಮ್ಮನೇಲೇ ಆಗ್ಲಿ" ಎಂದು ಬುರುಲ್ಚಾ ಹಟ ಹಿಡಿದಳು. ಊರವರು ಕುರಿ ಕೊಟ್ಟರು.

ಬೆಂದ ಕುರಿಯ ತಲೆ ದೊಡ್ಡ ಅತಿಥಿಗೆ ಸಲ್ಲಬೇಕು, ಅವನು ಅದರ ಕಿವಿ ಕೊಯ್ದು ಮನೆಯ ಮಕ್ಕಳಿಗೆ ಕೊಡಬೇಕು. ತಾತ ಮುತ್ತಾತರ ಕಾಲದ ರೂಢಿ ಅದು. ಬುರುಲ್ಚಾ ಆರೂ ಮಕ್ಕಳನ್ನು ಅವನೆದುರು ಸಾಲಾಗಿ ಕೂರಿಸಿದಳು. ಎರಡು ಕಿವಿ ಇಬ್ಬರಿಗಾಯಿತು. ಉಳಿದ ನಾಲ್ವರು ಕೈ ಚಾಚಿಕೊಂಡೇ ಇದ್ದರು.

"ಅಯ್ಯೋ ತಂಗೀ, ಇವರಿಗೆಲ್ಲ ಏನು ಕೊಡ್ಲಿ?" ಎಂದು ಎಸೆನ್‌ಗುಲ್ ನಕ್ಕ.

"ಅದನ್ನೇ ಕೇಳೋಣ ಅಂತ ಕರೆದದ್ದು, ಅಣ್ಣಾ. ಕುರಿಗೆ ಇರೋದೇ ಎರಡು ಕಿವಿ, ಅದನ್ನ ಬೈಯೋಕಾಗಲ್ಲ. ನಿಮಗೂ ಎರಡಿವೆ. ನಾಡಿದ್ದು ಸಂಸತ್ತಲ್ಲಿ ಕೈ ಎತ್ತೋಕೆ ಮುಂಚೆ ಅವನ್ನ ಒಂಚೂರು ಬಳಸಿ."

ಊರವರು ಗೊಳ್ಳೆಂದು ನಕ್ಕರು. ಆ ನಾಲ್ವರು ಮಾತ್ರ ನಗಲಿಲ್ಲ. ಚಾಚಿದ ಕೈಯನ್ನೂ ಇಳಿಸಲಿಲ್ಲ.