ಅತ್ತೆ ‘ನಂದು’ ಎಂದ ದಿನ

ಮಡಕೆ ಕೊಳ್ಳಲು ಬಂದವರು ಯಾರಾದರೂ "ಎಷ್ಟು ಚೆನ್ನಾಗಿದೆ, ನೀವೇ ಮಾಡಿದ್ದಾ?" ಎಂದು ಕೇಳಿದರೆ ನನ್ನ ಸೋದರತ್ತೆ ಬಾಯಿಬಿಟ್ಟು ಉತ್ತರ ಕೊಡುತ್ತಿರಲಿಲ್ಲ. ಬಗ್ಗಿ ನೆಲ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಮ್ಮ ಮನೆತನದ ಕುಂಬಾರರಲ್ಲಿ ಮಡಕೆಯನ್ನು ಯಾರೂ ‘ನಂದು’ ಅನ್ನುವ ಹಾಗಿಲ್ಲ. ಅಂದವರ ಕೈಗೆ ಮಣ್ಣು ಒಗ್ಗುವುದಿಲ್ಲ, ಅಂದ ಮೇಲೆ ಅವರು ಮಣ್ಣನ್ನಾಗಲೀ ಮಡಕೆ ತಿರುಗಿಸುವ ತಿಗರಿಯನ್ನಾಗಲೀ ಮುಟ್ಟಬಾರದು ಎಂಬುದು ನಂಬಿಕೆ. ನನ್ನನ್ನು ಸಾಕಿದವಳು ಅತ್ತೆಯೇ. ಚಿಕ್ಕವಳಿದ್ದಾಗ ನಾನೊಮ್ಮೆ ಹಣತೆ ಒತ್ತಿ "ಇದು ನಂದು" ಎಂದು ಕುಣಿದಿದ್ದಕ್ಕೆ ಬೆನ್ನಿಗೆ ಗುದ್ದು ಬಿದ್ದಿತ್ತು. ಮುಂದೆ ಕಲಾಶಾಲೆಯಲ್ಲಿ ಸೆರಾಮಿಕ್ಸ್ ಓದಿದೆ, ಬಟ್ಟಲಿನ ತಳದಲ್ಲಿ ಹೆಸರು ಕೆತ್ತುವುದನ್ನೂ ಕಲಿತು ಬಂದೆ. ಅತ್ತೆ ಆ ತಳ ತಿರುಗಿಸಿ ನೋಡಿ, "ಯಾಕವ್ವ, ಎಲ್ಲಾದ್ರೂ ಕಳ್ದೋಯ್ತದಾ?" ಎಂದು ನಕ್ಕಿದ್ದಳು.

ಅತ್ತೆಯ ಮನೆ ಬೆಳಗೋಡಿನಿಂದ ಸ್ವಲ್ಪ ಆಚೆ, ಗದ್ದೆಬಯಲಿನ ಅಂಚಿನಲ್ಲಿ. ಓದು ಮುಗಿಸಿ ಬಂದು ಅವಳ ಹಿತ್ತಲಿನಲ್ಲೇ ಶೆಡ್ಡು ಹಾಕಿಕೊಂಡೆ. ನಾನು ಊರಿಗೆ ವಾಪಸು ಬಂದದ್ದೇ ಅವಳ ಕೆನೆಗಾಗಿ. ಗದ್ದೆ ಬದುವಿನ ಕೆಂಪು ಜೇಡಿ, ಕಾಫಿ ಕಟ್ಟಿಗೆ ಸುಟ್ಟ ಬೂದಿ, ಮತ್ತಿ ಮರದ ತೊಗಟೆ ಕುದಿಸಿದ ನೀರು, ಈ ಮೂರನ್ನೂ ಗುಡಾಣದಲ್ಲಿ ಕಲಸಿ ಮೂರು ದಿನ ಅಲುಗಿಸದೆ ಇಟ್ಟರೆ ಭಾರದ್ದೆಲ್ಲ ಕೆಳಗಿಳಿದು ಮೇಲೆ ನುಣ್ಣಗೆ ಒಂದು ಪದರ ನಿಲ್ಲುತ್ತದೆ. ಅದೇ ಕೆನೆ. ಅದನ್ನು ಎತ್ತಿ ಹಸಿ ಮಡಕೆಗೆ ಸವರಿ, ಹೊಳೆಗಲ್ಲಿನಿಂದ ಉಜ್ಜಿ ಸುಟ್ಟರೆ ಹುಣಸೆ ಬೀಜದ ಹಾಗೆ ಹೊಳೆಯುವ ಮೈ ಬರುತ್ತದೆ. ಕಾಲೇಜಿನಲ್ಲಿ ಯಾವ ಡಬ್ಬಿಯ ಬಣ್ಣದಲ್ಲೂ ನನಗೆ ಆ ಮೈ ಸಿಕ್ಕಿರಲಿಲ್ಲ. ನನ್ನ ಬಟ್ಟಲು, ಹೂಜಿಗಳಿಗೆಲ್ಲ ಅದನ್ನೇ ಹಚ್ಚಿದೆ. ಸಕಲೇಶಪುರದ ಹೋಂಸ್ಟೇಗಳವರು, ಹಾಸನದ ಒಂದು ಅಂಗಡಿಯವರು ಕೇಳಿ ಕೇಳಿ ಒಯ್ಯುತ್ತಿದ್ದರು. ಜೀವನ ನಡೆಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನಾನು ಖುಷಿಯಾಗಿದ್ದೆ.

ಆ ಮನುಷ್ಯನನ್ನು ಅತ್ತೆಯ ಜಗಲಿಗೆ ಕರೆದುಕೊಂಡು ಹೋದವಳು ನಾನೇ. ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ. ಕುಂಬಾರಿಕೆಯ ಬಣ್ಣ, ಜೇಡಿ ಮಾರುವ ಯಾವುದೋ ಕಂಪನಿಯವನು. ನನ್ನ ಬಟ್ಟಲು ನೋಡಿ ಹುಡುಕಿಕೊಂಡು ಬಂದೆ ಎಂದ. ಅಷ್ಟು ದೂರದಿಂದ ಬಂದಿದ್ದಾನಲ್ಲ ಎಂದು ನನಗೆ ಕೊಂಬು ಮೂಡಿತು. ಒಂದು ವಾರ ದಿನಾ ಬಂದ. ಅತ್ತೆಯ ಅಳತೆಯೆಲ್ಲ ಹಿಡಿ ಮತ್ತು ಬೊಗಸೆ. ಅವನು ಒಂದು ಪುಟ್ಟ ತಕ್ಕಡಿ ತಂದಿದ್ದ. ಅವಳು ಬೂದಿಯನ್ನು ಹಿಡಿ ತುಂಬ ಎತ್ತಿದರೆ "ಒಂದ್ನಿಮಿಷ ಅಮ್ಮ" ಎಂದು ಅದನ್ನು ತಕ್ಕಡಿಗೆ ಸುರಿಸಿಕೊಂಡು, ತೂಕ ಬರೆದುಕೊಂಡು, ಆಮೇಲೆ ಗುಡಾಣಕ್ಕೆ ಹಾಕಲು ಬಿಡುತ್ತಿದ್ದ. ಅತ್ತೆಗೆ ನಗುವೋ ನಗು. "ಇವ್ನು ನನ್ ಕೈನೇ ತೂಗ್ತಾನಲ್ಲೇ ಮಾರಾಯ್ತಿ!" ಎನ್ನುತ್ತಿದ್ದಳು. ಮಣ್ಣಿನ ವಿಷಯ ಕೇಳಿ ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬುದು ಅವಳ ಇನ್ನೊಂದು ಕಟ್ಟಳೆ. ಅಕ್ಕಿರೊಟ್ಟಿ, ಕಳಲೆ ಪಲ್ಯ ಬಡಿಸಿ, ಹೊರಡುವ ದಿನ ಒಂದು ಬಾಟಲಿ ಕೆನೆಯನ್ನೂ ಕೊಟ್ಟು ಕಳಿಸಿದಳು.

ಎರಡು ಮಳೆಗಾಲ ಕಳೆದ ಮೇಲೆ ನನಗೊಂದು ರಿಜಿಸ್ಟರ್ಡ್ ಪತ್ರ ಬಂತು. ಮೂರು ಸಲ ಓದಿದೆ. ಕೆನೆಯ ಆ ಲೇಪಕ್ಕೆ ಅವನ ಕಂಪನಿಗೆ ಪೇಟೆಂಟ್ ಸಿಕ್ಕಿದೆ, ಅವರ ಅನುಮತಿ ಇಲ್ಲದೆ ಅದನ್ನು ತಯಾರಿಸುವುದಾಗಲೀ, ಹಚ್ಚಿದ ಪಾತ್ರೆಗಳನ್ನು ಮಾರುವುದಾಗಲೀ ಕೂಡದು ಎಂದಿತ್ತು. ಜೊತೆಗಿದ್ದ ಹಾಳೆಯಲ್ಲಿ ಜೇಡಿ ಇಷ್ಟು ಗ್ರಾಂ, ಬೂದಿ ಇಷ್ಟು ಗ್ರಾಂ, ತೊಗಟೆಯ ರಸ ಇಷ್ಟು. ನನ್ನ ಅತ್ತೆಯ ಹಿಡಿಯನ್ನು ಯಾರೋ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದರು. ಅದೇ ವಾರ ಹಾಸನದ ಅಂಗಡಿಯವರು ಫೋನ್ ಮಾಡಿ, ತಮಗೂ ಪತ್ರ ಬಂದಿದೆ, ಬೇಜಾರಾಗಬೇಡಿ, ಬಟ್ಟಲುಗಳನ್ನು ವಾಪಸು ತೆಗೆದುಕೊಂಡು ಹೋಗಿ ಎಂದರು. ಬೇಜಾರಾಗಬೇಡಿ ಅಂತೆ!

ಹಾಸನದ ವಕೀಲರೊಬ್ಬರು ಕಾಗದ ನೋಡಿ, ತಕರಾರು ಹಾಕಲು ಇನ್ನೂ ಸಮಯವಿದೆ ಎಂದರು. "ಆದ್ರೆ ನಿಮ್ಮ ಮಾತು ಸಾಲದು. ನೀವು ಓದಿ ಬಂದವರು, ಕಾಲೇಜಲ್ಲಿ ಕಲಿತದ್ದು ಅಂದುಬಿಡ್ತಾರೆ. ನಿಮ್ಮ ಅತ್ತೆ ಪ್ರಮಾಣ ಮಾಡಿ ಹೇಳಬೇಕು, ಇದು ನಮ್ಮ ಮನೆಯದು, ನಾನು ಮಾಡ್ತಾ ಬಂದಿದ್ದೀನಿ ಅಂತ." ಇದೇನು ಮಹಾ ಎಂದುಕೊಂಡೆ. ಅತ್ತೆಯನ್ನು ಬಸ್ಸು ಹತ್ತಿಸಿ ಆಲೂರಿಗೆ ಕರೆದುಕೊಂಡು ಹೋದೆ.

ತಾಲ್ಲೂಕು ಕಚೇರಿ ಹತ್ತಿರ ನೋಟರಿಯವರ ಚಿಕ್ಕ ಕೋಣೆ. ಅವರು ಹೇಳಿಕೆಯನ್ನು ಓದಿ, "ಈ ಲೇಪ ನಿಮ್ಮದೇ, ನೀವೇ ಮಾಡೋದು. ಹೌದಾ ಅಮ್ಮ?" ಎಂದು ಕೇಳಿದರು. ಅತ್ತೆ ಬಗ್ಗಿ ಸಿಮೆಂಟು ನೆಲ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ಏನಮ್ಮ, ಏನಾದ್ರೂ ಬಿತ್ತಾ?"

"ಏನಿಲ್ಲ ಸ್ವಾಮಿ. ನಂದು ಅಂತ ಏನೈತೆ ಅದ್ರಲ್ಲಿ? ಎಲ್ಲಾ ಭೂಮ್ತಾಯಿದು."

"ಹಾಗಾದ್ರೆ ಆಯಮ್ಮನ್ನೇ ಕರ್ಕೊಂಡು ಬನ್ನಿ, ಸಹಿ ಹಾಕ್ಲಿ" ಎಂದರು. ಸುತ್ತ ಕೂತವರು ನಕ್ಕರು. ಅತ್ತೆಯೂ ನಕ್ಕಳು. ಅವರು ಮೊಹರು ಒತ್ತಲಿಲ್ಲ. ಒತ್ತದಿದ್ದದ್ದು ಸರಿಯೇ.

ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಆಡಿದ ಮಾತು ಈಗಲೂ ನನ್ನನ್ನು ತಿನ್ನುತ್ತದೆ. "ಕದಿಯೋಕೆ ಬಂದೋನಿಗೆ ರೊಟ್ಟಿ ತಟ್ಟಿ ಹಾಕ್ತೀಯ, ಸಾಕಿದ ಮಗಳು ಬೀದಿಗೆ ಬಿದ್ರೆ ನೆಲ ಮುಟ್ಟಿ ಕಣ್ಣಿಗೊತ್ಕೋತೀಯ. ನಿನ್ನ ನಂಬ್ಕೊಂಡು ಊರಿಗೆ ಬಂದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಜನ ತಿರುಗಿ ನೋಡಿದರು. ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ. ಊರು ಬರುವವರೆಗೂ ಅವಳ ಕಡೆ ತಿರುಗಲಿಲ್ಲ.

ಮುಂದಿನ ನಾಲ್ಕು ದಿನ ಅವಳು ಬಿಡದೆ ಕೆಲಸ ಮಾಡಿದಳು. ಕಲಸಿದ್ದ ಜೇಡಿಯನ್ನೆಲ್ಲ ಮುಗಿಸಿ, ಹಸಿ ಆರಿದ ಮಡಕೆಗಳನ್ನು ಆವಿಗೆಗೆ ಹಾಕಿ ಸುಟ್ಟು, ತಿಗರಿಯನ್ನು ತೊಳೆದು ಗೋಡೆಗೆ ಒರಗಿಸಿದಳು. ನಾನು ಸಿಟ್ಟಿನಲ್ಲಿದ್ದೆ, ಯಾಕೆಂದು ಕೇಳಲಿಲ್ಲ. ಐದನೆಯ ದಿನ ಬೆಳಗ್ಗೆ ಮದುವೆಗೆ ಉಡುವ ಸೀರೆ ಉಟ್ಟು ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ನಡಿಯವ್ವ, ಹೇಳ್ತೀನಿ."

ಅದೇ ಕೋಣೆ, ಅದೇ ಪ್ರಶ್ನೆ. ಅತ್ತೆ ಈ ಸಲ ಬಗ್ಗಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಾ, "ಹೂಂ ಕಣ್ ಸ್ವಾಮಿ. ನಂದು. ನಾನೇ ಮಾಡೋದು" ಎಂದಳು. ಹೆಬ್ಬೆಟ್ಟು ಒತ್ತಿದಳು. ನಾನು ಗೆದ್ದೆ ಎಂದುಕೊಂಡೆ. ಬರುವಾಗ ಅವಳಿಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದೆ, ಅವಳು ಅರ್ಧ ತಿಂದು ಬಿಟ್ಟಳು.

ಅಂದಿನಿಂದ ಅತ್ತೆ ಮಣ್ಣು ಮುಟ್ಟಲಿಲ್ಲ. ನಾಲ್ಕು ದಿನ ಹೋಗಲಿ, ಸರಿಹೋಗುತ್ತಾಳೆ ಎಂದು ಸುಮ್ಮನಿದ್ದೆ. ಸುಗ್ಗಿ ಮುಗಿಯಿತು, ಕಾಫಿ ಕುಯ್ಲೂ ಮುಗಿಯಿತು. ಮಡಕೆ ಕೇಳಿ ಬಂದವರಿಗೆ "ಕೈಲಾಗಲ್ಲ ಕಣ್ರವ್ವ" ಎಂದು ಹೇಳಿ ಕಳಿಸುತ್ತಿದ್ದಳು. ಅವಳ ಕೈಗೆ ಏನೂ ಆಗಿರಲಿಲ್ಲ. ಬೆರಳಿನ ಸಂದಿಯಲ್ಲಿ ಸದಾ ಇರುತ್ತಿದ್ದ ಕೆಂಪು ಹೋಗಿ, ಅದು ಯಾರದೋ ಕೈ ಅನ್ನಿಸುತ್ತಿತ್ತು. ಒಂದು ದಿನ ತಡೆಯಲಾರದೆ, "ನೀನು ಹಾಗಂದಿದ್ದಕ್ಕೆ ಯಾರೂ ಏನೂ ಅನ್ನಲ್ಲ ಅತ್ತೆ, ಮಡಕೆ ಮಾಡು" ಎಂದೆ. "ಆಡ್ಬುಟ್ಟೆನಲ್ಲವ್ವ" ಎಂದಳು. ಮಾತು ಆಡಿದರೆ ಹೋಯಿತು ಎಂದು ಗಾದೆ ಹೇಳುವವರು ಎಷ್ಟೋ ಜನ. ಅದರಂತೆ ಬದುಕಿ ತೋರಿಸಿದವಳು ನನ್ನ ಮನೆಯಲ್ಲೇ ಇದ್ದಳು.

ಪೇಟೆಂಟ್ ಕಚೇರಿಯಲ್ಲಿ ನಮ್ಮ ತಕರಾರು ಬಿದ್ದುಹೋಯಿತು. ವಕೀಲರು ಕಾರಣವನ್ನು ಬಿಡಿಸಿ ಹೇಳಿದರು. ಕಂಪನಿಯವರು ಬರೆದದ್ದು ಗ್ರಾಂ ಲೆಕ್ಕದ ಮಿಶ್ರಣ, ನಿಮ್ಮ ಅತ್ತೆ ಹೇಳಿದ್ದು ಹಿಡಿ, ಬೊಗಸೆ. ಎರಡೂ ಒಂದೇ, ಅವನು ಬರೆದುಕೊಳ್ಳುವ ಮೊದಲೇ ನಮ್ಮಲ್ಲಿತ್ತು ಎನ್ನಲು ಬರಹದಲ್ಲಿ ಏನೂ ಇಲ್ಲವಂತೆ. ಅವಳ ಕೈ ತೂಗಿದವನ ಬಳಿ ಬರಹವಿತ್ತು. ಕೈ ಇದ್ದವಳ ಬಳಿ ಇರಲಿಲ್ಲ.

ಸುದ್ದಿ ಹೇಳಲು ಹೋದಾಗ ಅತ್ತೆ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಳು. ಪಕ್ಕ ಕೂತು, "ನಿನ್ನದು ಅಂತ ಒಪ್ಪಲಿಲ್ಲ ಅತ್ತೆ" ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು.

"ನಂದಲ್ಲ ಅಂದ್ರಾ?"

"ಅಲ್ಲ ಅಂದ್ರು."

"ಸರ್ಕಾರದೋರೇ ಅಂದ್ರಾ? ಬರ್ದು ಕೊಟ್ಟವ್ರಾ?" ಎನ್ನುತ್ತಾ ಎದ್ದೇಬಿಟ್ಟಳು. "ಸದ್ಯ! ಹಂಗಾರೆ ನಾ ಆಡಿದ್ದು ಸುಳ್ಳಾಯ್ತು. ತಡಿ, ಜೇಡಿ ನೆನೆ ಹಾಕ್ತೀನಿ." ಗುಡಾಣವನ್ನು ಎಳೆದು ಅದಕ್ಕೆ ಎರಡು ಕೊಡ ನೀರನ್ನೂ ಸುರಿದಳು. ಅಷ್ಟು ತಿಂಗಳಲ್ಲಿ ಅವಳು ಅಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ನೋಡಿರಲಿಲ್ಲ.

"ಕೆನೆ ಮಾಡೋ ಹಾಗಿಲ್ಲ ಅತ್ತೆ. ಅದು ಈಗ ಅವನದು. ಮಾಡಿ ಮಾರಿದ್ರೆ ಕೇಸ್ ಹಾಕ್ತಾರೆ."

ಅವಳು ಗುಡಾಣದ ಬಾಯಿ ಹಿಡಿದುಕೊಂಡೇ ನಿಂತಳು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒರೆಸಿಕೊಂಡ ಮೇಲೂ ಒರೆಸಿಕೊಳ್ಳುತ್ತಾ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನನ್ನನ್ನು ನೋಡಿದಳು.

"ನಾನು ನಂದು ಅಂದಿದ್ಕೇ ಹಿಂಗಾಯ್ತು ಕಣವ್ವ. ಇಲ್ದಿದ್ರೆ ನಿಂಗಾದ್ರೂ ಉಳೀತಿತ್ತು. ನನ್ನಿಂದ ನಿನ್ ಅನ್ನ ಹೋಯ್ತು" ಎಂದಳು.

ಅವಳ ಬಾಯಲ್ಲಿ ‘ನಂದು’ ಅನ್ನಿಸಿದವಳು ನಾನು. ಅವನನ್ನು ಕರೆತಂದವಳೂ ನಾನು. ಅದನ್ನು ಅವಳಿಗೆ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಇವತ್ತಿನವರೆಗೂ ಹೇಳಿಲ್ಲ. ಅತ್ತೆ ಮಾತ್ರ ನನಗೆ ಊಟಕ್ಕೆ ಬಡಿಸುವಾಗಲೆಲ್ಲ ಒಂದು ತುತ್ತು ಜಾಸ್ತಿ ಹಾಕಿ, ನನ್ನ ಕಡೆ ನೋಡದೆ ಒಳಗೆ ಹೋಗಿಬಿಡುತ್ತಾಳೆ.