ನಾಲ್ಕು ಬೆರಳು ಟೇಪು

ಬೆಳಗಿನ ಐದೂಕಾಲು. ಅಮೆರಿಕದ ಟೊಲಿಡೊ ಊರಾಚೆಯ ರೆಕಾರ್ಡ್ ಕಾರ್ಖಾನೆಯಲ್ಲಿ ಉಗಿ ಬುಸುಗುಡುತ್ತಿದೆ. ಡೊರೀನ್ ಕುಬಿಯಾಕ್ ಬಿಸಿಬಿಸಿ ಕರಿ ಪ್ಲಾಸ್ಟಿಕ್ ಉಂಡೆಯನ್ನು ಅಚ್ಚಿನ ನಡುವೆ ಇಟ್ಟು ಹಿಡಿ ಎಳೆಯುತ್ತಾರೆ. ಮೂವತ್ತು ಸೆಕೆಂಡು. ಅಚ್ಚು ಬಾಯಿ ತೆರೆದರೆ ಹಪ್ಪಳದಷ್ಟು ತೆಳ್ಳಗೆ ಒಂದು ರೆಕಾರ್ಡು. ಅಂಚು ಕತ್ತರಿಸು, ಜೋಡಿಸು, ಮತ್ತೆ ಉಂಡೆ. ಒಂದು ಪಾಳಿಗೆ ಏಳುನೂರು. ವಯಸ್ಸು ಅರವತ್ತೊಂಬತ್ತು. ಎರಡೂ ಮುಂಗೈ ತುಂಬ ಸುಟ್ಟ ಕಲೆ.

ಐವತ್ತಕ್ಕೆ ಒಂದನ್ನು ಅವರು ಕಿವಿಗೆ ಹೆಡ್‌ಫೋನ್ ಹಾಕಿ ಕೇಳುತ್ತಾರೆ. ಚಿಟಪಟ ಎಂದರೆ ಇಡೀ ರಾಶಿ ಕರಗಿಸಲು ಹೋಗಬೇಕು. ಯಂತ್ರಕ್ಕೆ ಕೇಳದ್ದು ಇವರಿಗೆ ಕೇಳುತ್ತದೆ, ಅದಕ್ಕೇ ಎಲ್ಲರ ಬಾಯಲ್ಲಿ 'ಕಿವಿಯಮ್ಮ'. ಹೊಸ ರೆಕಾರ್ಡಿನ ಮೊದಲ ಪ್ರತಿಯ ಚೀಟಿಗೆ ಅವರ ಸಹಿ ಬೀಳದೆ ಅಚ್ಚು ಓಡುವಂತಿಲ್ಲ. ಇವತ್ತು ಸಹಿಗೆ ಬಂದಿರುವುದು ಕೋಲ್ ಡಾಕ್ ತಂಡದ ಅತ್ಯುತ್ತಮ ಹನ್ನೆರಡು ಹಾಡುಗಳು. ಮೂರನೆಯದಕ್ಕೆ ಬಂದಾಗ ಡೊರೀನ್ ಸೂಜಿ ಎತ್ತಿ ಮತ್ತೆ ಹಿಂದಕ್ಕೆ ಇಡುತ್ತಾರೆ. ಮತ್ತೆ ಇಡುತ್ತಾರೆ.

ಮೂರನೆಯದು 'ಬ್ರಿಡ್ಜ್ ಈಸ್ ಅಪ್'. ಹಡಗು ಬಂತೆಂದು ಸೇತುವೆ ಎತ್ತಿದ್ದರಿಂದ ಪಾಳಿಗೆ ತಡವಾಗಿ ಕೆಲಸ ಕಳೆದುಕೊಂಡವನ ಹಾಡು. ಕೊನೆಯ ಪಲ್ಲವಿ ಅರ್ಧ ತಾಳ ಮೊದಲೇ ನುಗ್ಗುತ್ತದೆ, ಉಸಿರೆಳೆಯಲೂ ಪುರಸೊತ್ತಿಲ್ಲದ ಹಾಗೆ. ಮದುವೆಯಿರಲಿ, ಬಾರಿರಲಿ, ಹಾಕಿ ಪಂದ್ಯವಿರಲಿ, ಜನ ಸರಿಯಾಗಿ ಅಲ್ಲೇ ಮೇಜು ಗುದ್ದುತ್ತಾರೆ. ಓದಿದವರು ಅದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ಅದು ಕಾರ್ಮಿಕನ ಸಿಟ್ಟಂತೆ. ಕಾಲವನ್ನೇ ಒದ್ದ ತಾಳವಂತೆ. ಟೇಪು ಕತ್ತರಿಸಿದ ಕೈ ಯಾರದೆಂದು ಅವರಲ್ಲಿ ಒಬ್ಬನೂ ಕೇಳಲಿಲ್ಲ.

ಕತ್ತರಿಸಿದ್ದು ಇದೇ ಡೊರೀನ್, ಇಪ್ಪತ್ತರ ವಯಸ್ಸಿನಲ್ಲಿ, ಇದೇ ಊರಿನ ಒಂದು ಸ್ಟುಡಿಯೊದಲ್ಲಿ.

"ಒಂದೇ ಹಾಡನ್ನ ಹತ್ತು ಸಲ ಹಾಡೋರು. ಚೆನ್ನಾಗಿರೋ ತುಂಡುಗಳ್ನ ಬ್ಲೇಡಲ್ಲಿ ಕುಯ್ದು ಅಂಟಿಸೋದು ನನ್ ಕೆಲಸ," ಎನ್ನುತ್ತಾರೆ ಡೊರೀನ್. "ಕುಯ್ಯೋ ಜಾಗಕ್ಕೆ ಹಳದಿ ಪೆನ್ಸಿಲ್ ಗೆರೆ. ಹೊಸ ಗೆರೆ ಹಾಕಿದ್ರೆ ಹಳೇದನ್ನ ಒರೆಸ್ಬೇಕು, ಅದು ನಿಯಮ. ಗಾಯಕ ರ್‍ಯಾಂಡಲ್ ಟೀಗ್ ಬಂದು ಹೊಸ ಗೆರೆ ಎಳ್ದ. ಹಳೇದನ್ನ ಒರೆಸ್ಲಿಲ್ಲ. ನಾನು ಹಳೇದ್ರ ಮೇಲೆ ಕುಯ್ದೆ. ನಾಲ್ಕು ಬೆರಳು ಟೇಪು ಹೆಚ್ಗೆ ಹೋಯ್ತು. ಪಲ್ಲವಿಗೆ ಮುಂಚೆ ಅವನು ಎಳ್ಕೊಂಡ ಉಸಿರು ಅದ್ರಲ್ಲಿತ್ತು."

ಅಂಟಿಸಿದ್ದನ್ನು ಹಾಕಿ ಕೇಳಿದಾಗ ಟೀಗ್ ಸಿಗರೇಟಿನ ಬೂದಿಬಟ್ಟಲು ಎಸೆದ. "ನನ್ ಉಸಿರೆಲ್ಲೇ, ಪೆದ್ದಿ?" ಡ್ರಮ್ ಬಾರಿಸುವವನು ಮಾತ್ರ ಎದ್ದು ನಿಂತ. "ಯಾರೂ ಮುಟ್ಬೇಡ್ರೋ ಅದನ್ನ! ಮೈಯೆಲ್ಲ ಜುಮ್ಮಂತು!" ಹಾಡು ಹಾಗೇ ಉಳಿಯಿತು. ಡೊರೀನ್ ಉಳಿಯಲಿಲ್ಲ. ಮರುದಿನದಿಂದ ಬ್ಲೇಡು ಮುಟ್ಟಕೂಡದು, ಕಾಫಿ ತಂದುಕೊಡಬೇಕು. ತಿಂಗಳೊಳಗೆ ಮನೆಗೆ.

ಹಾಡು ದೇಶವೆಲ್ಲ ಹಬ್ಬಿತು. ಟೀಗ್ ಟೀವಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಆ ಉಸಿರನ್ನು ತಾನೇ ಬೇಕಂತ ತೆಗೆಸಿದೆ ಎಂದ. ನಲವತ್ತು ವರ್ಷ ಅದನ್ನೇ ಹೇಳಿಕೊಂಡು ಮೆರೆದ. ಡೊರೀನ್ ಗಾಜಿನ ಕಾರ್ಖಾನೆಯಲ್ಲಿ ಬಾಟಲಿ ಆರಿಸಿದರು, ಕೆರೆ ದಂಡೆಯಲ್ಲಿ ಮೀನು ಸೀಳಿದರು, ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಸುಕಿದರು. ರೇಡಿಯೊದಲ್ಲಿ ಆ ಜಾಗ ಬಂದಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅಷ್ಟೇ ಸಂಬಳ.

ಈಗ ಅದೂ ಇಲ್ಲ. ಕಂಪ್ಯೂಟರಿನಲ್ಲಿ ಉಸಿರನ್ನು ವಾಪಸ್ ತುಂಬಿದ್ದಾರೆ. ಪಲ್ಲವಿ ಶಿಸ್ತಾಗಿ, ಸಾಲಿನಲ್ಲಿ ನಿಂತ ಮಗುವಿನಂತೆ, ತನ್ನ ಸರದಿಗೆ ಬರುತ್ತದೆ. ಕವರಿನ ಹಿಂದೆ ಟೀಗ್ ಬರೆದಿದ್ದಾನೆ: 'ಅಂದು ಒಬ್ಬ ಹುಡುಗಿ ಮಾಡಿದ ಎಡವಟ್ಟನ್ನು ಕೊನೆಗೂ ಸರಿಪಡಿಸಿದ್ದೇವೆ.' ಹೊಗಳಿಕೆ ಬೇಕಿದ್ದಾಗ ಅದು ಅವನದು. ಸಾಕಾದ ಮೇಲೆ ಹುಡುಗಿಯದು.

"ನಲವತ್ತೊಂಬತ್ತು ವರ್ಷಕ್ಕೆ ಕವರ್ ಮೇಲೆ ಬಂದೆ ನೋಡು," ಎಂದು ಡೊರೀನ್ ಪಕ್ಕದ ಅಚ್ಚಿನ ನೆಟ್ಟಿಗೆ ತೋರಿಸುತ್ತಾರೆ. "ಎಡವಟ್ಟಾಗಿ."

ಚೀಟಿಯಲ್ಲಿ ಸಹಿಯ ಬದಲು ಬರೆಯುತ್ತಾರೆ: 'ಮೂರನೇ ಹಾಡು, ಕೊನೆಯ ಪಲ್ಲವಿಗೆ ಮುಂಚೆ ಬೇಡದ ಸದ್ದು. ತಿರಸ್ಕರಿಸಿದೆ.' ಮೇಸ್ತ್ರಿ ಲೈಲ್ ಹಾಲ್ಕೋಂಬ್ ಓಡಿ ಬರುತ್ತಾನೆ.

"ಏನ್ ಕಿವಿಯಮ್ಮಾ, ಧೂಳಾ, ಗೀರಾ?"

"ಉಸಿರು."

"ಯಾರ್ದು?"

"ಟೀಗ್‌ದೇ. ಆದ್ರೆ ಅವತ್ತಿಂದಲ್ಲ. ಬೇರೆ ಯಾವ್ದೋ ದಿನದ ಉಸಿರು ತಂದು ತುರುಕಿದಾರೆ."

"ಅಯ್ಯೋ ತಾಯಿ, ಹಾಡಿದವ್ನೇ ಒಪ್ಪಿದಾನೆ, ನಿಂದೇನು ಮಧ್ಯ? ನಮ್ದು ಪ್ಲಾಸ್ಟಿಕ್ ಒತ್ತೋ ಕೆಲ್ಸ. ಶುಕ್ರವಾರಕ್ಕೆ ಹದಿನೆಂಟು ಸಾವಿರ ಹೋಗ್ಬೇಕು. ಹಾಕು ಸಹಿ."

"ಹಾಕಲ್ಲ."

"ಸರಿ ಬಿಡು, ನಂಗೂ ಬರೆಯಕ್ಕೆ ಬರುತ್ತೆ."

ಹೊಸ ಚೀಟಿ ತೆಗೆದು ತಾನೇ ಗೀಚುತ್ತಾನೆ. ಇಲ್ಲಿಗೆ ಬಂದ ಎಂಟು ವರ್ಷದಲ್ಲಿ ಆ ಕಿವಿ ಬೇಡವಾದದ್ದು ಇದೇ ಮೊದಲು. ಅಚ್ಚು ಓಡುತ್ತದೆ, ಅದೂ ಇವರದೇ ಅಚ್ಚು. ತಮ್ಮ ಕೆಲಸವನ್ನು ಅಳಿಸಿದ ಹಾಡನ್ನು ಡೊರೀನ್ ತಮ್ಮ ಕೈಯಾರೆ ಒತ್ತುತ್ತಾರೆ. ಉಂಡೆ, ಹಿಡಿ, ಮೂವತ್ತು ಸೆಕೆಂಡು. ಊಟದ ಗಂಟೆಯೊಳಗೆ ನಾನೂರು.

ಊಟಕ್ಕೆ ಎಲೆಕೋಸು ತುಂಬಿದ ಪಿರೋಗಿ ಕಡುಬು. ಅದರ ಪಕ್ಕ ಒಂದು ಸಣ್ಣ ತಗಡಿನ ಡಬ್ಬಿ. ಕುಯ್ದ ತುಂಡುಗಳನ್ನು ಹಾಡು ಮುಗಿಯುವವರೆಗೆ ಸ್ಟುಡಿಯೊದ ಗೋಡೆಗೆ ಅಂಟಿಸಿಡುವುದು ಆಗಿನ ರೂಢಿ. ಕೆಲಸ ಹೋದ ದಿನ ಗೋಡೆಯಿಂದ ಒಂದೇ ಒಂದನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಡಬ್ಬಿಯಲ್ಲಿ ಅದಿದೆ: ಕಂದು ಪಟ್ಟಿ, ನಾಲ್ಕು ಬೆರಳುದ್ದ. ಒಂದು ತುದಿಯಲ್ಲಿ ಟೀಗ್ ಎಳೆದ ಹಳದಿ ಗೆರೆ ಇನ್ನೂ ಮಾಸಿಲ್ಲ.

"ಇದನ್ನ ಕಂಪನಿಗೆ ತೋರಿಸ್ಬಾರ್ದಾ ಅಕ್ಕ?" ನೆಟ್ಟಿ ಕೇಳುತ್ತಾಳೆ. "ಅಸಲಿ ಉಸಿರು ಅಂತ."

"ನಾನ್ಯಾಕೆ ಹೋಗ್ಲಿ? ಬೇಕಾದ್ರೆ ಆ ಟೀಗೇ ಬರ್ಲಿ. ಇಲ್ಲಿ, ಈ ಅಚ್ಚಿನ ಮುಂದೆ ನಿಂತು ನನ್ ಹೆಸರು ಹಿಡ್ದು ಕೇಳ್ಲಿ."

"ಕೇಳಿದ್ರೆ ಕೊಟ್ಬಿಡ್ತೀಯಾ?"

ಡೊರೀನ್ ಡಬ್ಬಿಯ ಮುಚ್ಚಳ ಒತ್ತುತ್ತಾರೆ.

"ಕೊಡಲ್ಲ. ಆದ್ರೆ ಕೇಳ್ಬೇಕು."