ಎಡಕ್ಕೆ ಗಿಡ್ಡ, ಬಲಕ್ಕೆ ಉದ್ದ

ಇವತ್ತು ಬೆಳಿಗ್ಗೆ ಮಗಳ ಪೆನ್ಸಿಲ್ ಕೆತ್ತಿಕೊಡುವಾಗ ಆ ಮರದ ವಾಸನೆಗೆ ಕೈ ನಿಂತಿತು. ನಿಮಗೂ ಹೀಗಾಗುತ್ತದೆಯೋ ಏನೋ, ನನಗಂತೂ ಆ ವಾಸನೆ ಬಂದರೆ ನಾದಿನಿ ಸವಿತಾಳ ಜ್ವರದ ದಿನಗಳು ಎದುರು ಬರುತ್ತವೆ.

ಸವಿತಾ ಆಗ ಪಿಎಚ್.ಡಿ. ಮಾಡುತ್ತಿದ್ದಳು. ಶಾಯಿಯಂತೆ ತೆಳ್ಳಗೆ ಬಳಿದು ಬಿಸಿಲಿನಿಂದ ಕರೆಂಟು ತೆಗೆಯುವ ಸೋಲಾರ್ ಪದರಕ್ಕೆ ಹೊಸ ಅಣು ಯೋಚಿಸುವುದು ಅವಳ ಕೆಲಸ. ರಜೆಗೆ ಕೊಪ್ಪಳದ ನಮ್ಮ ಮನೆಗೆ ಬಂದವಳು ಅಡುಗೆಮನೆಯಲ್ಲಿ ಕೂತು ತಿಳಿಸಿದ್ದಳು: "ಎರಡು ನಮೂನಿ ಅಣು ಬೇಕ್ರಿ ವೈನಿ. ಒಂದು ಎಲೆಕ್ಟ್ರಾನ್ ಕೊಡೂದು, ಇನ್ನೊಂದು ಇಸ್ಕೊಳ್ಳೂದು. ನಾ ಇಸ್ಕೊಳ್ಳೂದನ್ನ ಮಾಡಾಕತ್ತೀನಿ."

ಅತ್ತೆ ರೊಟ್ಟಿ ಬಡಿಯುತ್ತಲೇ, "ಇಸ್ಕೊಳ್ಳಾವ್ರು ಈ ಮನ್ಯಾಗ ಕಡಿಮಿ ಅದಾರೇನವಾ?" ಅಂದಿದ್ದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ವಿಜ್ಞಾನ ಅಷ್ಟಕ್ಕಷ್ಟೆ. ಸಿಸ್ಟರುಗಳು ಕಲಿಸಿದ್ದರಲ್ಲಿ ಉಳಿದದ್ದು ದುಂಡು ಅಕ್ಷರ, ನೇರ ಮಾರ್ಜಿನ್, ಮತ್ತು ಎರಡೂ ಕಡೆ ಸಮ ಇರಬೇಕೆಂಬ ಚಟ. ಕಿಟಕಿಯ ಪರದೆ ಬೆರಳಷ್ಟು ಏರುಪೇರಾದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಆ ಸಲ ಸವಿತಾ ಟೈಫಾಯ್ಡ್ ಹಿಡಿದು ಮಲಗಿದಳು. ಅಣುವಿನ ಚಿತ್ರ ಬಂದ ಕೂಡಲೇ ತಯಾರಿಸಲೆಂದು ಪ್ರಯೋಗಾಲಯದಲ್ಲಿ ಅವಳ ಗೆಳತಿ ಕಾದಿದ್ದಳು. ಫೆಲೋಶಿಪ್ ಮುಗಿಯಲು ಕೆಲವೇ ತಿಂಗಳಿದ್ದವು. "ನನ್ನ ಕೈ ನಡಗತಾವು. ಈ ಚಿತ್ರ ನೀವೇ ಇನ್ನೊಂದು ಹಾಳಿ ಮ್ಯಾಲ ಛಂದಾಗಿ ತಗದು ಫೋಟೋ ಕಳಸ್ರಿ" ಅಂದಳು.

ಅವಳ ಹಾಳೆಯಲ್ಲಿ ನಡುವೆ ಉಂಗುರಗಳ ಸಾಲು, ಎರಡು ಬದಿಗೆ ಅಂಕುಡೊಂಕು ಬಾಲ. ಎಡದ ಬಾಲ ಗಿಡ್ಡ, ಬಲದ್ದು ಉದ್ದ. ಪಾಪ, ಜ್ವರದ ಕೈ ತಪ್ಪಿದೆ ಅಂದುಕೊಂಡು, ಪೆನ್ಸಿಲ್ ಚೂಪಾಗಿ ಕೆತ್ತಿಕೊಂಡು, ಎಡಕ್ಕೂ ಎರಡು ಮೂಲೆ ಸೇರಿಸಿ ಸಮ ಮಾಡಿ ಕಳಿಸಿದೆ.

ಒಂದೊಂದು ಮೂಲೆಯೂ ಒಂದೊಂದು ಇಂಗಾಲದ ಪರಮಾಣು ಎಂದು ನನಗೆಲ್ಲಿ ಗೊತ್ತು? ನಾನು ಬರೆದಂತೆಯೇ ಅಣು ತಯಾರಾಯಿತು. ಬಳಿದ ಪದರ ಕೆಟ್ಟಿತು.

"ಎರಡೂ ಕಡಿ ಸಮ ಇದ್ರ ಒಂದಕ್ಕೊಂದು ಅಂಟಿ ಗಂಟು ಕಟ್ಟತಾವ್ರಿ, ಉಪ್ಪಿಟ್ಟಿನ ರವಾ ಕಟ್ಟಿದಂಗ. ಅದಕ್ಕ ಒಂದನ್ನ ಬೇಕಂತನ ಗಿಡ್ಡ ಮಾಡಿದ್ದೆ" ಎಂದಳು ಸವಿತಾ, ನನ್ನ ಚಿತ್ರ ನೋಡುತ್ತ. ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರಾಗುತ್ತಿತ್ತು.

ಮಾರ್ಗದರ್ಶಕರು ಫೋನಿನಲ್ಲಿ ಬೈಯುವಾಗ ನಾನು ಪಕ್ಕದಲ್ಲೇ ಇದ್ದೆ. "ನಂದೇ ತಪ್ಪು, ಸರ್" ಎಂದಳು. ನಾನು ಬಾಯಿ ಬಿಡಲಿಲ್ಲ.

ಅವಳ ಅಣುವನ್ನು ಮಾಡಲು ಆಮೇಲೆ ಸಮಯ ಉಳಿಯಲಿಲ್ಲ. ಸಮದ್ದು ಯಾಕೆ ಕೆಟ್ಟಿತೆಂದು ಬರೆದು ಪದವಿ ಪಡೆದಳು. ಈಗ ಕುಕನೂರಿನಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ಅಣು ಇನ್ನೂ ಕಾಗದದ ಮೇಲೆಯೇ ಇದೆ.

ಇವತ್ತು ಮಗಳನ್ನು ಶಾಲೆಗೆ ಕಳಿಸಿ ಸವಿತಾಳಿಗೆ ಫೋನ್ ಮಾಡಿದೆ.

"ಸವಿತಾ, ನಿಮ್ಮ ಸರ್ ನಂಬರ್ ಐತೇನ? ಆ ಗೆರಿ ನಂದಂತ ನಾನೇ ಹೇಳತೀನಿ."

"ಈಗ್ಯಾಕ್ರಿ ವೈನಿ. ಬಿಡ್ರಿ."

"ಬಿಡಾಂಗಿಲ್ಲ."

ಆ ಕಡೆ ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ, "ಬರಕೋರ್ರಿ" ಎಂದಳು. ಒಂದೊಂದೇ ಅಂಕಿ ಹೇಳಿದಳು. ಬರೆದುಕೊಂಡದ್ದನ್ನು ಅವಳಿಗೆ ಮೊದಲಿಂದ ಓದಿ ಹೇಳಿ, ಸರಿಯೇ ಎಂದು ಕೇಳಿದೆ.

"ಸರಿ ಐತ್ರಿ" ಎಂದಳು.